ವಾದ್ಯದ ಮೈಮೇಲಿನ ಚೀಟಿ

ಹಾರ್ಮೋನಿಯಂ ಕಲಿಯಹೊರಟವರು ವಾದ್ಯ ಕೈಸೇರಿದ ಮೊದಲ ವಾರದಲ್ಲಿಯೇ ಅದರ ಮನೆಗಳ ಮೇಲೆ ಸ, ರಿ, ಗ, ಮ ಎಂದು ಬರೆದ ಚೀಟಿಗಳನ್ನು ಅಂಟಿಸುತ್ತಾರೆ. ದಾನಿಗಳ ಹೆಸರಿನ ಚೀಟಿ ಅದಕ್ಕೆ ಮೊದಲೇ ಮುಂಭಾಗದ ಹಲಗೆಯ ಮೇಲೆ ಬಿದ್ದಿರುತ್ತದೆ. ಮಾರಿದ ಅಂಗಡಿಯವರದು ಒಂದು ಚೀಟಿ, ಬೆಲೆಯದು ಇನ್ನೊಂದು. ವಾದ್ಯವು ಯಾವುದಾದರೊಂದು ಸಂಸ್ಥೆಗೆ ಸೇರಿದ್ದಾದರೆ ದಾಸ್ತಾನು ಸಂಖ್ಯೆಯ ಚೀಟಿಯೂ ಉಂಟು. ಮನೆಯಲ್ಲಿ ಮಕ್ಕಳಿದ್ದರೆ ಚಿಟ್ಟೆ ನಕ್ಷತ್ರಗಳೂ ಉಂಟು. ಇವನ್ನೆಲ್ಲ ಅಂಟಿಸುವುದಕ್ಕೆ ಒಂದು ನಿಮಿಷವೂ ಬೇಡ. ತೆಗೆಯುವುದು ಹೇಗೆಂಬ ಪ್ರಶ್ನೆ ಮಾತ್ರ ಎಷ್ಟೋ ವರ್ಷಗಳ ಮೇಲೆ, ಬಹುಮಟ್ಟಿಗೆ ಅಂಟಿಸಿದವರಲ್ಲದ ಬೇರೊಬ್ಬರ ಪಾಲಿಗೆ ಬರುತ್ತದೆ.

ನಮ್ಮೂರ ಭಜನಾಮಂದಿರದ ಹಾರ್ಮೋನಿಯಂ ಮನೆಮನೆಯ ವಂತಿಗೆಯಿಂದ ಕೊಂಡದ್ದು. ಹಾಗೆ ಕೊಂಡ ವಾದ್ಯ ಕೆಟ್ಟರೆ ಮತ್ತೊಂದು ತರುವುದು ಸುಲಭವಲ್ಲ. ಕೆಲವು ವರ್ಷಗಳ ಹಿಂದೆ ಅದನ್ನು ರಿಪೇರಿಗೆಂದು ಪೇಟೆಗೆ ಒಯ್ದಿದ್ದರು. ಅಲ್ಲಿಯ ಕೆಲಸಗಾರರೊಬ್ಬರು ಉಪಕಾರವಾಗಲೆಂದು ಹಲಗೆಯ ಮೇಲಿನ ಹಳೆಯ ಚೀಟಿಗಳನ್ನೂ ಸ್ಪಿರಿಟ್ಟಿನಿಂದ ಒರೆಸಿ ಕೊಟ್ಟರು. ಚೀಟಿಗಳು ಹೋದವು, ಚೀಟಿ ಇದ್ದಲ್ಲೆಲ್ಲ ಪಾಲಿಷೂ ಹೋಯಿತು. ಉಳಿದದ್ದು ಮೂರು ನಾಲ್ಕು ಬಿಳಿಚಿದ ಕಲೆಗಳು. ಮರಳಿ ಪಾಲಿಷ್ ಮಾಡಿಸಲು ಕೇಳಿದ ಹಣಕ್ಕೆ ಇನ್ನೊಂದು ವಂತಿಗೆ ಎತ್ತಬೇಕಾಗಿತ್ತು, ಎತ್ತಲಿಲ್ಲ. ಅದೇ ಸ್ಪಿರಿಟ್ಟು ಬೇರೊಂದು ವಾದ್ಯಕ್ಕೆ ಏನೂ ಮಾಡದಿದ್ದೀತು. ಇದೇಕೆ ಹೀಗೆ ಎಂದು ಬಡಗಿಗಳನ್ನೂ ವಾದ್ಯ ನುಡಿಸುವವರನ್ನೂ ಕೇಳುತ್ತ, ಪುಸ್ತಕಗಳನ್ನು ತಿರುವಿಹಾಕುತ್ತ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀಟಿ ಅಂಟಿಸುವುದೇ ತಪ್ಪೆಂದು ಕೆಲವರು ಹೇಳುವುದುಂಟು. ಕಿವಿಯಿಂದ ಕಲಿಯತಕ್ಕ ವಿದ್ಯೆಯನ್ನು ಕಣ್ಣಿನಿಂದ ಕಲಿಯುವುದೇ ಎಂದು ಅವರ ಆಕ್ಷೇಪ. ಗುರುಗಳು ಎದುರಿಗೆ ಕುಳಿತು ಹೇಳಿಕೊಡುವ ಭಾಗ್ಯವುಳ್ಳವರಿಗೆ ಆ ಮಾತು ಸರಿ. ಹತ್ತು ಹದಿನೈದು ಮೈಲಿಯೊಳಗೆ ಸಂಗೀತದ ಮೇಷ್ಟರೇ ಇಲ್ಲದ ಹಳ್ಳಿಯಲ್ಲಿ, ರಾತ್ರಿ ಭಜನೆ ಮುಗಿದ ಮೇಲೆ ಅರ್ಧ ಗಂಟೆ ವಾದ್ಯ ಸಿಗುವ ಹುಡುಗನಿಗೆ ಚೀಟಿಯೇ ಮೇಷ್ಟರು. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲವೆಂದು ನನ್ನ ಅಭಿಪ್ರಾಯ. ಆದರೆ ಚೀಟಿಯ ಮೇಲೆ ಏನು ಬರೆಯಬೇಕೆಂಬುದನ್ನು ಅಂಟಿಸುವ ಮೊದಲೇ ಯೋಚಿಸಬೇಕು.

ಹಾರ್ಮೋನಿಯಂ ಮೂಲತಃ ನಮ್ಮದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೈನ್ ಎಂಬಾತ ೧೮೪೨ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಹಾಕಿ ನುಡಿಸುವಂತೆ ಮಾರ್ಪಡಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ಮುಖ್ಯವಾದದ್ದು. ಅದರ ಒಂದು ಸ್ಥಾಯಿಯಲ್ಲಿ ಬಿಳಿಯ ಮನೆ ೭, ಕಪ್ಪು ಮನೆ ೫, ಒಟ್ಟು ೧೨. ಮನೆಗಳು ಕದಲುವುದಿಲ್ಲ; ನಮ್ಮ ಷಡ್ಜ ಕದಲುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಸರಳೆವರಸೆಯ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳೋಣ. ಬಿಳಿ ೧ನ್ನು ಷಡ್ಜವಾಗಿಟ್ಟುಕೊಂಡರೆ ಸ್ವರಗಳು ಕ್ರಮವಾಗಿ ಬಿಳಿ ೧, ಕಪ್ಪು ೧, ಬಿಳಿ ೩, ಬಿಳಿ ೪, ಬಿಳಿ ೫, ಕಪ್ಪು ೪, ಬಿಳಿ ೭ ಈ ಮನೆಗಳಲ್ಲಿ ಬೀಳುತ್ತವೆ. ಹಾಡುವವರು ಶ್ರುತಿಯನ್ನು ಒಂದೇ ಮನೆ ಏರಿಸಿ ಕಪ್ಪು ೧ಕ್ಕೆ ಬಂದರೆನ್ನಿ. ಆಗ ಅವೇ ಸ್ವರಗಳು ಕಪ್ಪು ೧, ಬಿಳಿ ೨, ಬಿಳಿ ೪, ಕಪ್ಪು ೩, ಕಪ್ಪು ೪, ಬಿಳಿ ೬, ಮೇಲಿನ ಬಿಳಿ ೧ ಇವುಗಳಿಗೆ ಹೋಗುತ್ತವೆ. ಮೊದಲು ರಿಷಭವಾಗಿದ್ದ ಮನೆ ಈಗ ಷಡ್ಜ, ಮಧ್ಯಮವಾಗಿದ್ದದ್ದು ಗಾಂಧಾರ, ಧೈವತವಾಗಿದ್ದದ್ದು ಪಂಚಮ. ಒಂದು ಚೀಟಿಯಾದರೂ ಸತ್ಯ ಹೇಳುವುದಿಲ್ಲ. ಗಂಡಸರೂ ಹೆಂಗಸರೂ ಸರದಿಯ ಮೇಲೆ ಹಾಡುವ ಭಜನೆಯಲ್ಲಿ ಶ್ರುತಿ ಒಂದೇ ರಾತ್ರಿಯಲ್ಲಿ ಎರಡು ಮೂರು ಸಲ ಬದಲಾಗುವುದುಂಟು. ಸ್ವರ ಬರೆದ ಚೀಟಿಯನ್ನು ನಂಬಿ ಕಲಿತವನು ಅಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ಇದಕ್ಕೆ ಅಂಟೇ ಬೇಡದ ಒಂದು ಉಪಾಯವಿದೆ. ಮನೆಗಳ ಹಿಂಬದಿಯಲ್ಲಿ, ಅಂದರೆ ಕಪ್ಪು ಬಿಳುಪು ಎರಡೂ ಸೇರಿ ಒಳಗೆ ಹೋಗುವ ಕಡೆ, ಹನ್ನೆರಡು ಮನೆಗಳ ಅಗಲವೂ ಹೆಚ್ಚುಕಡಿಮೆ ಸಮನಾಗಿರುತ್ತದೆ. ಅಲ್ಲಿ ನಿಲ್ಲುವಷ್ಟು ಉದ್ದದ ಒಂದು ರಟ್ಟಿನ ಪಟ್ಟಿಯನ್ನು ಕತ್ತರಿಸಿ, ಅದೇ ಅಗಲಕ್ಕೆ ಹನ್ನೆರಡು ಗೆರೆ ಎಳೆದು, ಬೇಕಾದ ರಾಗದ ಸ್ವರಗಳನ್ನು ಗುರುತುಮಾಡಬೇಕು. ಶ್ರುತಿ ಬದಲಾದಾಗ ಪಟ್ಟಿಯನ್ನು ಅತ್ತಲೋ ಇತ್ತಲೋ ಸರಿಸಿದರಾಯಿತು. ಷಡ್ಜದ ಜೊತೆಯಲ್ಲಿ ಉಳಿದ ಸ್ವರಗಳೆಲ್ಲ ನಡೆದುಬರುತ್ತವೆ. ಚೀಟಿಯೇ ಬೇಕೆಂದರೆ ಸ್ವರವನ್ನು ಬಿಟ್ಟು ‘ಬಿಳಿ ೧’, ‘ಕಪ್ಪು ೧’ ಎಂದು ಮನೆಯ ಸಂಖ್ಯೆಯನ್ನೇ ಬರೆಯುವುದು ಮೇಲು. ಕಾಗದದ ಚೀಟಿಯನ್ನು ಮೊದಲು ಒಗೆದ ಹತ್ತಿಬಟ್ಟೆಯ ಮೇಲೆ ಎರಡು ಮೂರು ಸಲ ಒತ್ತಿ ಕಿತ್ತು, ಅಂಟಿನ ಬಲವನ್ನು ಕುಂದಿಸಿ, ಆಮೇಲೆ ವಾದ್ಯಕ್ಕೆ ಹಚ್ಚಬೇಕು. ಮನೆಯ ನಡುವಿನಲ್ಲಿ ಚಿಕ್ಕದಾಗಿ ಹಚ್ಚಬೇಕೇ ಹೊರತು ಅಂಚಿನವರೆಗೆ ಬರಕೂಡದು. ಬಂದರೆ ಪಕ್ಕದ ಮನೆಗೆ ತಾಗಿ, ಒಂದನ್ನು ಒತ್ತಿದಾಗ ಎರಡೂ ಕೂಗುತ್ತವೆ.

ಇನ್ನು ಅಂಟಿನ ವಿಚಾರ. ನಮ್ಮ ಹಿರಿಯರು ಕಾಗದ ಹಚ್ಚುತ್ತಿದ್ದ ಗೋಂದಾಗಲಿ ಮೈದಾ ಸರಿಯಾಗಲಿ ನೀರು ಆರಿದ ಮೇಲೆ ಗಟ್ಟಿಯಾಗಿ ಹಿಡಿಯುವಂಥವು. ಮರಳಿ ನೀರು ಸೋಕಿದರೆ ಬಿಡುವಂಥವು. ಇಂದಿನ ಚೀಟಿಯ ಅಂಟು ಆ ಜಾತಿಯದಲ್ಲ. ಅಮೆರಿಕದ ರಿಚರ್ಡ್ ಡ್ರೂ ಎಂಬಾತ ೧೯೨೫ರಲ್ಲಿ, ಬಣ್ಣ ಬಳಿಯುವವರಿಗಾಗಿ ಅಂಟುಪಟ್ಟಿಯನ್ನು ಮಾಡಿದ. ೧೯೩೦ರಲ್ಲಿ ಪಾರದರ್ಶಕ ಪಟ್ಟಿಯನ್ನು ತಂದ. ಒತ್ತಿದರೆ ಸಾಕು, ಒದ್ದೆ ಮಾಡುವ ಕೆಲಸವಿಲ್ಲ ಎನ್ನುವಂಥ ಚೀಟಿಯನ್ನು ೧೯೩೫ರಲ್ಲಿ ಮಾಡಿದವನು ಸ್ಟಾಂಟನ್ ಏವರಿ. ಈ ಅಂಟು ಎಂದೂ ಪೂರ್ತಿ ಆರುವುದಿಲ್ಲ. ತುಂಬಾ ಗಟ್ಟಿಯಾದ ಜೇನಿನಂತೆ ಅದು ಮೆಲ್ಲಮೆಲ್ಲನೆ ಹರಿಯುತ್ತಲೇ ಇರುತ್ತದೆ. ಒಂದು ದಿನದ ಚೀಟಿ ಮೇಲ್ಮೈಯ ಉಬ್ಬುಗಳನ್ನಷ್ಟೇ ಹಿಡಿದಿರುತ್ತದೆ. ಐದು ವರ್ಷದ ಚೀಟಿಯ ಅಂಟು ಕಣ್ಣಿಗೆ ಕಾಣದ ಸಣ್ಣ ಸಣ್ಣ ತಗ್ಗುಗಳಿಗೆಲ್ಲ ಇಳಿದಿರುತ್ತದೆ. ಮೇಲಾಗಿ ಬೆಳಕು ಗಾಳಿಗಳಿಂದ ಹಳೆಯ ಅಂಟು ಒಣಗಿ ಪೆಡಸಾಗುತ್ತದೆ. ಹಳೆಯ ಚೀಟಿ ಕಷ್ಟ ಕೊಡುವುದಕ್ಕೆ ಇವೆರಡು ಕಾರಣಗಳು.

ಆದರೆ ಅಂಟಿನ ವಿಚಾರ ತಿಳಿದಷ್ಟರಿಂದ ಸಾಲದು. ಚೀಟಿಯಲ್ಲಿ ಬರುವ ಅಂಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅದರ ಕೆಳಗಿನ ಚರ್ಮ ವಾದ್ಯವಾದ್ಯಕ್ಕೂ ಬೇರೆ. ಅಂಟನ್ನು ಯಾವುದು ಕರಗಿಸುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ವಾದ್ಯವನ್ನು ಯಾವುದು ಕರಗಿಸುವುದಿಲ್ಲ ಎಂದು ಮೊದಲು ಕೇಳಬೇಕು.

ಹಳೆಯ ಹಾರ್ಮೋನಿಯಂಗಳಿಗೆ ಸಾಮಾನ್ಯವಾಗಿ ಹಾಕಿರುವುದು ಫ್ರೆಂಚ್ ಪಾಲಿಷ್. ಹೆಸರು ಫ್ರೆಂಚಾದರೂ ಸರಕು ನಮ್ಮದೇ ಅರಗು. ಮರದ ಕೊಂಬೆಗಳ ಮೇಲೆ ಒಂದು ಜಾತಿಯ ಹುಳು ಸುರಿಸುವ ರಾಳ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಇದರದೇ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕಿದರೆ ಸ್ಪಿರಿಟ್ಟು ಹಾರಿಹೋಗಿ ಅರಗು ಉಳಿಯುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿ ಬಂದದ್ದು ಸ್ಪಿರಿಟ್ಟು ಸೋಕಿದರೆ ಮತ್ತೆ ಕರಗುವುದು ಸಹಜವೇ. ನೀರು ಹೆಚ್ಚು ಹೊತ್ತು ನಿಂತರೆ ಅರಗು ಬೆಳ್ಳಗಾಗುತ್ತದೆ. ಬಿಸಿಗೆ ಮೆತ್ತಗಾಗುತ್ತದೆ ಎನ್ನುವುದು ಪಾಂಡವರ ಕಥೆ ಕೇಳಿದವರಿಗೆಲ್ಲ ಗೊತ್ತು.

೨೦೨೦ರಲ್ಲಿ ಕೊರೋನಾ ಬಂದಾಗ ಸ್ಯಾನಿಟೈಸರ್ ಎಂಬುದು ಎಲ್ಲರ ಕೈಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಎರಡು ಮಿಶ್ರಣಗಳಲ್ಲಿ ಒಂದರಲ್ಲಿ ನೂರಕ್ಕೆ ೮೦ ಪಾಲು ಎಥನಾಲ್, ಇನ್ನೊಂದರಲ್ಲಿ ೭೫ ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್. ಎರಡೂ ಒಂದು ಬಗೆಯ ಸ್ಪಿರಿಟ್ಟೇ. ಆ ಬಾಟಲಿ ಇಂದಿಗೂ ಅನೇಕ ಮನೆಗಳ ಕಪಾಟಿನಲ್ಲಿದೆ. ಅಂಟು ಒರೆಸಲು ಕೈ ಮೊದಲು ಹೋಗುವುದೂ ಅದಕ್ಕೇ. ಅರಗಿನ ಪಾಲಿಷ್ ಇರುವ ವಾದ್ಯಕ್ಕೂ ಪಿಟೀಲಿಗೂ ಅದನ್ನು ಮುಟ್ಟಿಸತಕ್ಕದ್ದಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ಇನ್ನೂ ಕೆಟ್ಟದ್ದು. ಪಾಲಿಷನ್ನಷ್ಟೇ ಅಲ್ಲದೆ ಮನೆಗಳ ಪ್ಲಾಸ್ಟಿಕ್ಕನ್ನೂ ಅದು ತಿನ್ನುತ್ತದೆ. ಬಣ್ಣದ ಅಂಗಡಿಯ ಥಿನ್ನರೂ ಹಾಗೆಯೇ. ಸೀಮೆಎಣ್ಣೆಯು ಅರಗನ್ನು ಕರಗಿಸದಿದ್ದರೂ ಜಿಡ್ಡನ್ನೂ ವಾಸನೆಯನ್ನೂ ಬಿಟ್ಟು ಹೋಗುತ್ತದೆ. ಪೆಟ್ರೋಲಿನ ಮಾತೇ ಬೇಡ.

ಹಾಗಾದರೆ ತೆಗೆಯುವುದು ಹೇಗೆ? ಮೊದಲು ಕೈಯಿಂದ. ಚೀಟಿಯ ಒಂದು ಮೂಲೆಯನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದಲೋ ಎಬ್ಬಿಸಬೇಕು. ಬ್ಲೇಡು, ಚಾಕುಗಳನ್ನು ದೂರವಿಡಬೇಕು. ಎದ್ದ ಮೂಲೆಯನ್ನು ಮೇಲಕ್ಕೆ ಎಳೆಯದೆ, ಹಿಂದಕ್ಕೆ ಮಡಿಸಿ, ಹಲಗೆಗೆ ಒರಗಿಸಿದಂತೆಯೇ ಬಹಳ ಮೆಲ್ಲಗೆ ಎಳೆಯಬೇಕು. ನೇರವಾಗಿ ಮೇಲಕ್ಕೆ ಜಗ್ಗಿದರೆ ಬಲವೆಲ್ಲ ಪಾಲಿಷಿನ ಮೇಲೆ ಬಿದ್ದು ಹಳೆಯ ಪಾಲಿಷ್ ಹೊಪ್ಪಳೆಯಾಗಿ ಏಳುತ್ತದೆ. ಮೆಲ್ಲಗೆ ಎಳೆದರೆ ಕಡಿಮೆ ಬಲ ಸಾಕು; ಜೇನಿನಂತಹ ಆ ಅಂಟಿಗೆ ಹರಿದು ಬಿಡುವುದಕ್ಕೆ ಹೊತ್ತು ಸಿಗುತ್ತದೆ. ಬೆರಳಷ್ಟು ಅಗಲದ ಚೀಟಿಗೆ ಐದು ನಿಮಿಷ ಹಿಡಿದರೂ ಹಿಡಿಯಲಿ. ಅಂಗೈಯನ್ನು ಎರಡು ನಿಮಿಷ ಅದರ ಮೇಲೆ ಒತ್ತಿಟ್ಟರೆ ಬರುವ ಬೆಚ್ಚಗೆ ಅನೇಕ ವೇಳೆ ಸಾಕಾಗುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಕಡಿಮೆ ಬಿಸಿಯಲ್ಲಿ, ದೂರದಿಂದ ಹಾಯಿಸಬಹುದು. ಅರಗಿನ ಮೇಲೆ ಹಾಯಿಸುವುದು ನನಗೆ ಒಪ್ಪಿಗೆಯಿಲ್ಲ.

ಚೀಟಿ ಹೋಗಿ ಅಂಟು ಉಳಿದರೆ, ಬೇರೊಂದು ಅಂಟುಪಟ್ಟಿಯ ತುಂಡನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಒತ್ತಿ ಎತ್ತಬೇಕು. ಅಂಟಿಗೆ ಅಂಟು ಹತ್ತಿ ಬರುತ್ತದೆ. ಹೆಬ್ಬೆರಳಿನಿಂದ ಉರುಳಿಸಿದರೂ ಉಂಡೆಯಾಗಿ ಬರುವುದುಂಟು. ಇದಕ್ಕೂ ಬಗ್ಗದ ಜಿಡ್ಡಿಗೆ, ಪಾಲಿಷ್ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ, ಕೊಬ್ಬರಿ ಎಣ್ಣೆಯ ಒಂದೇ ಹನಿಯನ್ನು ಬಟ್ಟೆಗೆ ಹಾಕಿ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಒಣಬಟ್ಟೆಯಿಂದ ಪೂರ್ತಿಯಾಗಿ ಒರೆಸಬೇಕು. ಪಾಲಿಷ್ ಒಡೆದಿದ್ದರೆ ಎಣ್ಣೆ ಕೂಡದು. ಮರದೊಳಗೆ ಇಳಿದ ಎಣ್ಣೆ ಮರಳಿ ಬರುವುದಿಲ್ಲ. ಕೊನೆಯ ಅಸ್ತ್ರ ನ್ಯಾಫ್ತಾ, ಅಂದರೆ ಬತ್ತಿಯಿರುವ ಹಳೆಯ ಮಾದರಿಯ ಲೈಟರಿಗೆ ಹಾಕುವ ದ್ರವ. ಅದು ಅಂಟನ್ನು ಕರಗಿಸುತ್ತದೆ. ಅರಗನ್ನು ಸಾಮಾನ್ಯವಾಗಿ ಕೆಣಕುವುದಿಲ್ಲ. ಆದರೂ ವಾದ್ಯದ ಹಿಂಬದಿಯಲ್ಲಿ ಕಣ್ಣಿಗೆ ಬೀಳದ ಕಡೆ ಒಂದು ಹನಿ ಪರೀಕ್ಷಿಸದೆ ಮುಂದುವರಿಯಬಾರದು. ಅದಕ್ಕೆ ಬೆಂಕಿ ಹತ್ತುವುದು ಕ್ಷಣಮಾತ್ರದ ಕೆಲಸ. ಭಜನಾಮಂದಿರದಲ್ಲಿ ನಂದಾದೀಪವೂ ಊದುಬತ್ತಿಯೂ ಇರುವುದನ್ನು ಮರೆಯದೆ, ಬಯಲಿಗೆ ಒಯ್ದು ಮಾಡಬೇಕು. ಯಾವ ದ್ರವವನ್ನೇ ಆಗಲಿ ಬಟ್ಟೆಗೆ ಹಾಕಬೇಕೇ ವಿನಾ ವಾದ್ಯದ ಮೇಲೆ ಸುರಿಯಬಾರದು. ಮನೆಗಳ ಸಂದಿಯಲ್ಲಿ ಇಳಿದ ಒಂದು ಹನಿ ಒಳಗಿನ ತೊಗಲನ್ನು ಪೆಡಸು ಮಾಡಿ, ಹಿತ್ತಾಳೆಯ ರೀಡುಗಳವರೆಗೂ ಹೋದೀತು.

ಇಲ್ಲಿಯವರೆಗೆ ಹೇಳಿದ್ದನ್ನು ವೀಣೆಗೆ ಹಾಗೆಯೇ ಅನ್ವಯಿಸಿದರೆ ಅನಾಹುತವಾದೀತು. ವೀಣೆಯ ೨೪ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲಪುಡಿ ಮೊದಲಾದವನ್ನು ಬೆರೆಸಿ ಕರಿಯ ದಿಂಡು ಕಟ್ಟಿ, ಒಂದೊಂದು ಮೆಟ್ಟಿಲನ್ನೂ ಕಿವಿಯಿಂದ ಸ್ವರ ನೋಡಿ ಕೂರಿಸಿರುತ್ತಾರೆ. ಜೇನುಮೇಣ ಕರಗಲು ೬೨ರಿಂದ ೬೪ ಡಿಗ್ರಿ ಸೆಂಟಿಗ್ರೇಡ್ ಸಾಕು. ಮೆತ್ತಗಾಗಲು ಅಷ್ಟೂ ಬೇಡ. ಚೀಟಿ ಬಿಡಿಸಲೆಂದು ಬಿಸಿಗಾಳಿ ಹಾಯಿಸಿದರೆ ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ, ಅದನ್ನು ಸರಿಪಡಿಸಲು ಮೇಣ ಕಟ್ಟುವವರನ್ನೇ ಹುಡುಕಬೇಕು. ಎಣ್ಣೆಯೂ ನ್ಯಾಫ್ತಾವೂ ಮೇಣಕ್ಕೆ ವೈರಿಗಳೇ. ಕಲಿಯುವವರು ಮೆಟ್ಟಿಲಿನ ಸಂಖ್ಯೆಯನ್ನು ಮೇಣದ ದಿಂಡಿನ ಪಕ್ಕಕ್ಕೆ ಅಂಟಿಸುವುದನ್ನು ಕಂಡಿದ್ದೇನೆ. ಕೀಳುವಾಗ ಚೀಟಿಯ ಜೊತೆಗೆ ಮೇಣದ ಚಕ್ಕೆಯೂ ಬರುತ್ತದೆ. ಅಲ್ಲಿಗೆ ಚೀಟಿಯೇ ಬೇಡ. ತಂಬೂರಿಯ ಸೋರೆಬುರುಡೆ ತೆಳುವಾದ ಒಣ ಕಾಯಿ. ಅದನ್ನು ಒತ್ತಿ ತಿಕ್ಕಿದರೆ ಸೀಳುತ್ತದೆ.

ಪಿಟೀಲಿನಲ್ಲಿ ಮೆಟ್ಟಿಲುಗಳಿಲ್ಲ. ಆದುದರಿಂದ ಬೆರಳಾಡಿಸುವ ಕರಿಯ ಹಲಗೆಯ ಮೇಲೆ ಸ್ವರಸ್ಥಾನಕ್ಕೊಂದರಂತೆ ತೆಳುಪಟ್ಟಿ ಅಂಟಿಸುವುದು ರೂಢಿ. ಪಾಶ್ಚಾತ್ಯ ಪದ್ಧತಿಯ ವಿದ್ಯಾರ್ಥಿಗಳು ಹೀಗೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿ ನಮ್ಮವರೂ ಮಾಡುತ್ತಾರೆ. ಆದರೆ ಅವರ ಬೆರಳು ಬಹುಮಟ್ಟಿಗೆ ಮೇಲಿನಿಂದ ಇಳಿದು ತಂತಿ ಒತ್ತಿ ಏಳುತ್ತದೆ. ನಮ್ಮ ಗಮಕ, ಜಾರುಗಳಲ್ಲಿ ಬೆರಳು ತಂತಿಯುದ್ದಕ್ಕೂ ಜಾರಾಡುತ್ತದೆ. ಕೆಲವೇ ದಿನಗಳಲ್ಲಿ ಪಟ್ಟಿ ಜರುಗಿ, ಅಂಟು ಹೊರಬಿದ್ದು, ತಂತಿಗೂ ಬೆರಳಿಗೂ ಮೆತ್ತಿಕೊಳ್ಳುತ್ತದೆ. ಹಲಗೆಯ ಮಗ್ಗುಲಿನಲ್ಲಿ, ತಂತಿಯ ದಾರಿಗೆ ಬಾರದಂತೆ ಸಾಸಿವೆಕಾಳಿನಷ್ಟು ಚುಕ್ಕೆ ಇಟ್ಟುಕೊಂಡರೆ ಸಾಲದೇ? ಪಿಟೀಲಿನ ಮೈಗೆ ಬಳಿದ ವಾರ್ನಿಷ್ ಅನೇಕ ವೇಳೆ ಸ್ಪಿರಿಟ್ಟಿನದು. ಅದರ ಜೋಡಣೆಗಳನ್ನು ಹಿಡಿದಿರುವುದು ಪ್ರಾಣಿಗಳ ತೊಗಲು ಮೂಳೆಗಳಿಂದ ಮಾಡಿದ ವಜ್ರ. ಬಿಸಿ ಮತ್ತು ತೇವ ಸೇರಿದರೆ ಅದು ಬಿಡುತ್ತದೆ. ಅಂದಮೇಲೆ ಪಿಟೀಲಿಗೆ ಸ್ಪಿರಿಟ್ಟು, ನೀರು, ಬಿಸಿ ಮೂರೂ ಕೂಡವು. ಕೈಯಿಂದ ಬಂದಷ್ಟು ಬರಲಿ. ಉಳಿದದ್ದನ್ನು ಪಿಟೀಲು ರಿಪೇರಿ ಬಲ್ಲವರಿಗೆ ಬಿಡುವುದೇ ಲೇಸು.

ಮೃದಂಗದವರು ನಮಗೆಲ್ಲ ಈ ವಿಷಯದಲ್ಲಿ ಹಿರಿಯರು. ಎಡಗಡೆಯ ತೊಪ್ಪಿಗೆ ಅವರು ಕಛೇರಿಗೆ ಮುಂಚೆ ರವೆಯನ್ನು ನೀರಿನಲ್ಲಿ ನಾದಿ ಮೆತ್ತುತ್ತಾರೆ. ಆ ತೂಕದಿಂದ ನಾದ ತಗ್ಗಿ ಗುಂಕಾರ ಬರುತ್ತದೆ. ಕಛೇರಿ ಮುಗಿದ ಮೇಲೆ ಕೆರೆದು ತೆಗೆದುಬಿಡುತ್ತಾರೆ. ಅಂಟಿಸುವಾಗಲೇ ತೆಗೆಯುವುದನ್ನು ಯೋಚಿಸಿದ ಅಂಟು ಇದು. ರವೆಯ ಒಂದು ಉಂಡೆ ನಾದವನ್ನು ಇಷ್ಟು ಬದಲಿಸುವುದಾದರೆ, ಚರ್ಮದ ಮೇಲೆ ಅಲಂಕಾರಕ್ಕೆಂದು ಹಚ್ಚಿದ ಚೀಟಿಯೂ ಸುಮ್ಮನೆ ಇರಲಾರದು. ಬಲಗಡೆಯ ಕರಣೆಯ ಮೇಲಂತೂ ಏನನ್ನೂ ಹಚ್ಚಲಾಗದು. ಕಿತ್ತರೆ ಕರಣೆಯೇ ಪುಡಿಪುಡಿಯಾಗಿ ಬರುತ್ತದೆ.

ವಿದ್ಯುತ್ ಕೀಬೋರ್ಡಿನ ಮೈ ಬರಿಯ ಪ್ಲಾಸ್ಟಿಕ್. ಮೊದಲು ಹೇಳಿದ ಕೈಕೆಲಸ, ಆಮೇಲೆ ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಗಿಟಾರುಗಳಲ್ಲಿ ಅಗ್ಗದವುಗಳ ಲೇಪ ಗಟ್ಟಿ. ನೈಟ್ರೋಸೆಲ್ಯುಲೋಸ್ ಲೇಪವಿರುವ ಬೆಲೆಬಾಳುವ ಗಿಟಾರಿಗೆ ಮಾತ್ರ ಪ್ಲಾಸ್ಟಿಕ್ ಚೀಟಿ ಹಚ್ಚಕೂಡದು. ಆ ಚೀಟಿಯನ್ನು ಮೆದುವಾಗಿಡುವ ಪದಾರ್ಥವೇ ಲೇಪಕ್ಕೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ.

ದಾಸ್ತಾನು ಸಂಖ್ಯೆಯ ಬಗ್ಗೆ ಒಂದು ಮಾತು. ಒಂದು ಸಂಸ್ಥೆಯಲ್ಲಿ ವೀಣೆಯ ಕೊಡದ ಮೇಲೆ, ನಾದ ಹೊರಡುವ ಮೇಲುಹಲಗೆಯ ನಟ್ಟನಡುವೆಯೇ, ಮೂರು ವರ್ಷಗಳ ಮೂರು ತಪಾಸಣೆಯ ಚೀಟಿಗಳು ಒಂದರ ಮೇಲೊಂದು ಇದ್ದುದನ್ನು ಕಂಡೆ. ಮೇಜಿಗೂ ವೀಣೆಗೂ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವಿಲ್ಲದಿರಬಹುದು. ಸಂಖ್ಯೆಯನ್ನು ರಟ್ಟಿನ ತುಂಡಿನ ಮೇಲೆ ಬರೆದು ದಾರದಿಂದ ಬಿರಡೆಯ ಬಳಿ ಕಟ್ಟಿದರೆ ಲೆಕ್ಕವೂ ಸಿಕ್ಕೀತು, ವೀಣೆಯೂ ಉಳಿದೀತು. ದಾನಿಗಳ ಹೆಸರನ್ನು ವಾದ್ಯದ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆಸಬಹುದು, ತೆರೆದಾಗಲೆಲ್ಲ ಕಾಣುತ್ತದೆ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಒಂದು ಗುರುತು ಉಳಿಯುವುದುಂಟು. ಮರಕ್ಕೆ ಬೆಳಕು ತಗುಲಿ ವರ್ಷವರ್ಷಕ್ಕೆ ಬಣ್ಣ ಬದಲಾಗುತ್ತಿರುತ್ತದೆ; ಚೀಟಿಯ ಕೆಳಗಿನ ಮರ ಮಾತ್ರ ಅಂಟಿಸಿದ ದಿನದ ಬಣ್ಣದಲ್ಲಿಯೇ ನಿಂತಿರುತ್ತದೆ. ಇದನ್ನು ಅಂಟೆಂದು ತಿಳಿದು ತಿಕ್ಕುತ್ತ ಕುಳಿತರೆ ಪಾಲಿಷ್ ಸವೆಯುತ್ತದೆಯೇ ಹೊರತು ಗುರುತು ಹೋಗುವುದಿಲ್ಲ. ಬೆರಳಿಗೆ ಜಿಡ್ಡು ಹತ್ತದಿದ್ದರೆ ಅಲ್ಲಿಗೆ ಕೈಬಿಡಬೇಕು. ಹಾರ್ಮೋನಿಯಂ ತಿದಿಯ ಮೇಲಿನ ಚೀಟಿಯನ್ನಂತೂ ಕೀಳಲೇಬಾರದು. ತಿದಿಯ ಮಡಿಕೆಗಳು ರಟ್ಟು ಬಟ್ಟೆಗಳವು. ಚೀಟಿಯ ಜೊತೆಗೆ ಬಟ್ಟೆ ಎದ್ದರೆ ಗಾಳಿ ಸೋರತೊಡಗುತ್ತದೆ. ಅದರ ಅಂಚು ಎದ್ದು ಮಡಿಕೆಗೆ ತಾಗುತ್ತಿದ್ದರೆ ಎದ್ದಷ್ಟನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಹಾಗೆಯೇ ಬಿಡಬೇಕು.